ಆರಿದ ಮೇಲೆ ಹಿಡಿಯುವ ಬ್ರೇಕ್

ನನ್ನ ಹೆಸರು ರುದ್ರಸ್ವಾಮಿ, ವಯಸ್ಸು 47 ವರ್ಷ, ಕಸುಬು ಬೈಕ್ ರಿಪೇರಿ, ವಾಸ ಬಸ್ ನಿಲ್ದಾಣದ ಹಿಂಭಾಗ, ರಾವಂದೂರು, ಪಿರಿಯಾಪಟ್ಟಣ ತಾಲ್ಲೂಕು. ಈ ದಿನ ಪೊಲೀಸರಾದ ತಾವು ನನ್ನ ಅಂಗಡಿಗೆ ಬಂದು ವಿಚಾರಿಸಿದ್ದಕ್ಕೆ ತಿಳಿಸುವುದೇನೆಂದರೆ,

ನಮ್ಮೂರಿನ ಚಲುವಯ್ಯ ಅವರ ದೊಡ್ಡ ಮಗ ಚೆಲುವರಾಜು, 24 ವರ್ಷ, ಮೂರು ವರ್ಷದ ಹಿಂದೆ ಡಿಸ್ಕ್ ಬ್ರೇಕಿನ ಬೈಕ್ ಕೊಂಡಿದ್ದನು. ಸರ್ವೀಸಿಗೆ ಕೃಷ್ಣರಾಜನಗರದ ಶೋರೂಮಿಗೇ ಹೋಗುತ್ತಿದ್ದನು. ದಿನಾಂಕ 12-2-2007ರಂದು ಬೆಳಿಗ್ಗೆ 10 ಗಂಟೆಗೆ ಪಂಕ್ಚರ್ ಹಾಕಿಸಲು ನನ್ನಲ್ಲಿಗೆ ಬಂದನು. ಮುಂದಿನ ಚಕ್ರ ಬಿಚ್ಚುವಾಗ ಡಿಸ್ಕ್ ತಗುಲಿ ನನ್ನ ಬೆರಳು ಸುಟ್ಟಿತು. ಬ್ರೇಕ್ ಆಯಿಲ್ ನೋಡಿದೆನು, ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗಿತ್ತು. ಹಳೇ ಆಯಿಲ್ ನೀರು ಎಳೆದುಕೊಳ್ಳುತ್ತದೆ, ಬಿಸಿಯಾದರೆ ಬ್ರೇಕ್ ಹಿಡಿಯುವುದಿಲ್ಲ, ಬದಲಾಯಿಸೋಣ ಎಂದೆನು. ಅವನು ಸರ್ವೀಸ್ ಬುಕ್ ತೋರಿಸಿ, ಶೋರೂಮ್‌ನೋರು ಓದ್ ತಿಂಗ್ಳೇ ಬದಲಾಯಿಸಿ ಸೀಲ್ ಆಕವ್ರೆ ಕಣಣ್ಣ, ಅಂಗೇ ಬುಡು ಎಂದನು. ಸೀಲ್ ಇತ್ತು. ಒಂದು ತಿಂಗಳ ಆಯಿಲ್ ಅಷ್ಟು ಕಪ್ಪಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅಷ್ಟು ದೊಡ್ಡ ಶೋರೂಮಿನ ಸೀಲಿನ ಮುಂದೆ ನನ್ನದೇನು ಎಂದು ಸುಮ್ಮನಾದೆನು. ಇದಕ್ಕೆ ನನಗೆ ಕ್ಷಮೆಯಿಲ್ಲ.

ದಿನಾಂಕ 16ರಂದು ಸಂಜೆ 5.20ಕ್ಕೆ ಫೋನ್ ಬಂದು, 3 ಕಿ.ಮೀ. ದೂರದ ಕೆರೆ ಇಳಿಜಾರಿಗೆ ಹೋದೆನು. ಕಬ್ಬಿನ ಟ್ರ್ಯಾಕ್ಟರ್ ತಪ್ಪಿಸಲು ಹೋಗಿ ಬಿದ್ದು, ಚೆಲುವರಾಜುವಿನ ತಲೆ ಮೋರಿಕಲ್ಲಿಗೆ ಬಡಿದಿತ್ತು. ಮಾತು ಇತ್ತು. ಆದಷ್ಟೂ ಒತ್ತುದೆ ಕಣಣ್ಣ, ನಿಲ್ನೇ ಇಲ್ಲ ಎಂದನು. ನಾನು ಬ್ರೇಕ್ ಲಿವರ್ ಒತ್ತಿದಾಗ ಅದು ಸಡಿಲವಾಗಿ ಹ್ಯಾಂಡಲ್‌ವರೆಗೂ ಬಂತು, ಬ್ರೇಕ್ ಹಿಡಿಯಲಿಲ್ಲ. ಆಸ್ಪತ್ರೆ ದಾರಿಯಲ್ಲಿ 6.05ಕ್ಕೆ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟನು.

ದಿನಾಂಕ 18ರಂದು ಸಾರಿಗೆ ಇಲಾಖೆಯ ಬ್ರೇಕ್ ಇನ್‌ಸ್ಪೆಕ್ಟರ್ ಠಾಣೆಯಲ್ಲಿ ಗಾಡಿ ಪರೀಕ್ಷಿಸಿದರು. ಬ್ರೇಕ್ ಹಿಡಿಯಿತು. ಆಯಿಲಿನ ಬಿಸಿ ಆರಿದ ಮೇಲೆ ಅದು ಹಿಡಿದೇ ಹಿಡಿಯುತ್ತದೆ. ಹತ್ತು ಮೈಲಿ ಓಡಿಸಿ ನೋಡಿ ಸಾರ್ ಎಂದು ಕೈ ಮುಗಿದೆನು. ಬ್ರೇಕ್ ಸರಿಯಿದೆ, ಸವಾರನ ಅತಿವೇಗವೇ ಕಾರಣ ಎಂದು ಬರೆದರು.

ಗಾಡಿಗೆ ಇಂಡಿಕೇಟರ್ ಒಡೆದದ್ದು ಬಿಟ್ಟರೆ ಏನೂ ಆಗಿಲ್ಲ. ನಿನ್ನೆ ಚಲುವಯ್ಯ ಅದನ್ನು ಬಿಡಿಸಿಕೊಂಡು ಬಂದರು. ಆಯಿಲ್ ಬದಲಾಯಿಸಿ ಕೊಡುತ್ತೇನೆಂದು ಸಂಜೆ ಅವರ ಮನೆಗೆ ಹೋದೆನು. ಅವರು ವರದಿಯ ನಕಲನ್ನು ಮುಂದೆ ಹಿಡಿದು, ಸರ್ಕಾರದೋರೆ ಸರಿಯಾಗದೆ ಅಂತ ಬರ್ದವ್ರೆ, ತಪ್ಪು ನನ್ ಮಗುಂದೇ, ನೀನು ಅದುನ್ನ ಮುಟ್ಬೇಡ ಎಂದರು. ಒಳಗೆ ಹುಡುಗನ ತಾಯಿ ಸುನಂದಮ್ಮ ಅಳುತ್ತಿದ್ದರು.

ಇಂದು ಬೆಳಿಗ್ಗೆ 9.10ಕ್ಕೆ ಅವರ ಚಿಕ್ಕ ಮಗ ಶಶಿ, 19 ವರ್ಷ, ಅದೇ ಗಾಡಿಯಲ್ಲಿ ನನ್ನ ಅಂಗಡಿ ಮುಂದೆ ಹಾದು ಕಾಲೇಜಿಗೆ ಹೋದನು. ನಾನು ರಸ್ತೆಗೆ ಬಂದು ಕೂಗಿದೆನು. ಅವನು ನಿಲ್ಲಿಸಲಿಲ್ಲ.

ನಾನು ಹೇಳಿದಂತೆ ಬರೆದ ಇದನ್ನು ಓದಿಸಿ ಕೇಳಿದ್ದೇನೆ, ನಿಜವಿದೆ.

ಸ್ಥಳ: ರಾವಂದೂರು
ದಿನಾಂಕ: 21-2-2007
ಸಹಿ: ರುದ್ರಸ್ವಾಮಿ