ಆ ಚರ್ಚಿನಲ್ಲಿ ಕೇಳದ ಪ್ರಶ್ನೆ

ಸಕಾಪಾ ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಮುಂದಿನ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕಾಯುತ್ತಿದ್ದರು. ಪಾದ ಮುಚ್ಚುವಷ್ಟು ಉದ್ದದ ಲಂಗ ತೊಟ್ಟಿದ್ದವಳು ಮಾತು ತೆಗೆದಳು.

"ಭಾನುವಾರ ನಿಮ್ಮ ಚರ್ಚಿಗೆ ಬಂದಾಗಿಂದ ನನ್ನ ತಲೆ ಕೆಟ್ಟಿದೆ, ಅತ್ತಿಗೆ."

"ಯಾಕೆ ಒದಿಲಿಯಾ, ಏನಾಯ್ತು?"

"ಬೋಧನೆ ಮಾಡಿದ್ದು ಹೆಂಗಸು. ಅದೂ ತುಟಿಗೆ ಬಣ್ಣ ಹಚ್ಕೊಂಡು!"

"ಹಚ್ಕೊಂಡ್ರೆ ದೇವರಿಗೆ ಕಿವಿ ಕೇಳಿಸಲ್ವಾ?"

"ನಗಬೇಡಿ. ಮದುವೆ ಇಲ್ದೆ ಬಸುರಿ ಅಂತ ನಮ್ಮ ಪಾಸ್ಟರು ನನ್ನ ಮಗಳನ್ನ ಎಲ್ಲರೆದುರು ನಿಲ್ಲಿಸಿ ಸಭೆಯಿಂದ ಹೊರಗೆ ಹಾಕಿದ್ರು. ನಾನೂ 'ಆಮೆನ್' ಅಂದೆ. ನಿಮ್ಮ ಚರ್ಚಿನೋರು ಅವಳನ್ನ ಫ್ಯಾನ್ ಕೆಳಗೆ ಕೂರಿಸಿ, ಕೂಸಿಗೆ ಯಾವ ಹೆಸರಿಡ್ತೀಯ ಅಂದ್ರು. ಅಪ್ಪ ಯಾರು ಅಂತ ಒಬ್ರೂ ಕೇಳ್ಲಿಲ್ಲ."

"ಕೇಳಬೇಕಿತ್ತಾ?"

"ಗೊತ್ತಿಲ್ಲ. ದೇವರು ಒಬ್ಬನೇ ತಾನೆ? ಅಲ್ಲಿ ಅವನಿಗೆ ಅಷ್ಟು ಸಿಟ್ಟು, ಇಲ್ಲಿ ಇಲ್ಲವೇ ಇಲ್ಲ. ಯಾವುದನ್ನ ನಂಬ್ಲಿ?"

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು.

"ಪ್ರಿಸಿಲಾ ತಾಯಿ ಯಾರಮ್ಮ? ಗಂಡು ಮಗು. ಒಳಗೆ ಬನ್ನಿ."

ಒದಿಲಿಯಾ ಎದ್ದವಳು ಬಾಗಿಲವರೆಗೂ ಹೋಗಿ ತಿರುಗಿ ಬಂದಳು.

"ಅತ್ತಿಗೆ, ನಾನು ಅವಳ ಹತ್ರ ಮಾತಾಡಿ ತಿಂಗಳುಗಳಾದವು. ಮೊದಲು ಏನಂತ ಹೇಳ್ಲಿ?"

"ಏನಾದ್ರೂ ತಿಂದ್ಯಾ ಅಂತ ಕೇಳು."

"ಅಷ್ಟೇನಾ?"

"ಸದ್ಯಕ್ಕೆ ಅಷ್ಟೇ."

ಅವಳು ಅದನ್ನೇ ಬಾಯಲ್ಲಿ ಗುನುಗಿಕೊಳ್ಳುತ್ತ ಒಳಗೆ ಹೋದಳು.