ನಾಲ್ಕನೆಯ ಬಡಿತ

ದೀಪ ಸಣ್ಣದು ಮಾಡಿರಿ. ಇದನ್ನು ಜೋರಾಗಿ ಹೇಳಲು ನನಗೆ ಬರುವುದಿಲ್ಲ.

ಗೌರವ್ವ ನನ್ನ ಶ್ರೀಶೈಲಪ್ಪ ಕಾಕಾನ ಮಗಳು. ನನಗಿಂತ ದೊಡ್ಡವಳು, ಅದಕ್ಕೆ ನಾನು ಗೌರಕ್ಕ ಅನ್ನುತ್ತಿದ್ದೆ. ಜತ್ತ ಸಂಸ್ಥಾನ ಮುಂಬೈ ರಾಜ್ಯದಲ್ಲಿ ಕೂಡಿ ನಾಲ್ಕೈದು ವರ್ಷ ಆಗಿರಬೇಕು. ಸಾಲಿಗೆ ರಜೆ ಇತ್ತು, ಸನಮಡಿಯ ಕಾಕಾನ ಮನೆಗೆ ಬಂದಿದ್ದೆ. ಅಂದು ಗೌರಕ್ಕ ಹೊಲದ ವಸ್ತಿಯಲ್ಲಿದ್ದ ಬಾಣಂತಿಯೊಬ್ಬಳನ್ನು ಮಾತಾಡಿಸಲು ಹೋದವಳು, ಕತ್ತಲಾದ ಮೇಲೆ ಒಬ್ಬಳೇ ಮನೆಗೆ ಹೊರಟಳು. ಕೈಯಲ್ಲಿ ಕಂದೀಲು.

ದಾರಿಯಲ್ಲಿ ಆಲದ ಗಿಡ. ಗಿಡದ ಬುಡಕ್ಕೇ ಬಾವಿ. ಅದಕ್ಕೆ ಕಟ್ಟೆ ಇಲ್ಲ. ನೆಲ ಮುಗಿದಲ್ಲಿ ಬಾವಿ ಶುರು. ಗಾಳಿ ಬಂತು… ಎಲೆಗಳು ಸರ್ರ್ ಅಂದವು… ಕಂದೀಲು ಆರಿತು. ಅವಳು ನಿಂತಳು. ನಿಂತೇ ಇದ್ದಿದ್ದರೆ ಆಗುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟಳು. ಆ ಹೆಜ್ಜೆಗೆ ನೆಲ ಇರಲಿಲ್ಲ.

ಊಟದ ಹೊತ್ತು ದಾಟಿದರೂ ಬರಲಿಲ್ಲ. ಅವಳ ಅಣ್ಣ ತಮ್ಮಣ್ಣ ಹುಡುಕುತ್ತ ಹೋದ. ಬಾವಿಯ ಅಂಚಿಗೆ ಕಂದೀಲು ಬಿದ್ದಿತ್ತು, ಗಾಜು ಒಡೆದಿತ್ತು. ಬಗ್ಗಿ ಕೂಗಿದ. ಬಾವಿ ಅವನ ದನಿಯನ್ನೇ ಅವನಿಗೆ ತಿರುಗಿ ಕೊಟ್ಟಿತು.

ಊರವರು ಕೂಡಿದರು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಇರುತ್ತದಲ್ಲ, ಪಾತಾಳಗರಡಿ, ಅದನ್ನು ಬಿಟ್ಟು ಎಳೆದರು. ಪಾಚಿ ಬಂತು. ಬೇರು ಬಂತು. ಮೆಟ್ಟಿಲು ಎಂದೋ ಕುಸಿದಿದ್ದವು. ತಮ್ಮಣ್ಣ ಹಗ್ಗ ಕಟ್ಟಿಕೊಂಡು ಇಳಿಯಲು ಹೊರಟಾಗ ಶ್ರೀಶೈಲಪ್ಪ ಕಾಕಾ ಅವನ ರಟ್ಟೆ ಹಿಡಿದರು.

"ಬ್ಯಾಡ. ಒಂದು ಹ್ವಾದದ್ದು ಸಾಕು."

ಯಾರೂ ಅಳಲಿಲ್ಲ. ಗೌರಕ್ಕನ ಅವ್ವ ಸಾವಿತ್ರೆವ್ವ ಕಾಕು ಮನೆಯಿಂದ ಒಂದು ಹೊಸ ಸೀರೆ ಮಡಚಿ ತಂದು, ಗಿಡದ ಕೆಳಗೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. "ಬೆಳಗಾಗೂದ್ರಾಗ ತಗೀರಿ," ಅಂದರು. "ಹೆಣ ನೀರಾಗ ಭಾಳ ಹೊತ್ತು ಇರಬಾರದು." ನಾಳೆಯ ಅಡಿಗೆಯ ಮಾತಾಡುವ ಹಾಗೆ ಅಂದರು. ನನಗೂ ಏನೂ ಅನಿಸಲಿಲ್ಲ. ಕಂದೀಲು ಹಿಡಿದಿದ್ದೆ. ಅದು ಭಾರ ಅನಿಸಿತು, ಅಷ್ಟೆ.

"ಎಂಜಿನ್ ಹಚ್ಚರಿ," ಅಂದರು ಕಾಕಾ. "ನೀರ ಖಾಲಿ ಮಾಡೂಣು."

ಬಾವಿಯ ದಂಡೆಗೆ ಒಂದು ಪಂಪು ಇತ್ತು. ಲಡಾಯಿ ಮುಗಿದ ಮೇಲೆ ಕಾಕಾ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಹಿಡಿದ ಮಿಲಿಟರಿ ಮಾಲು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದನ್ನು ನೋಡಿಕೊಳ್ಳುವವರು ಬಾದಶಹಾ ಮಾಮಾ. ಲಡಾಯಿಯಲ್ಲಿ ಲಾರಿ ಹೊಡೆದು ಬಂದವರು. ಅಂದು ಮಧ್ಯಾಹ್ನವೇ ಅದಕ್ಕೆ ನಾಲ್ಕು ಹೊಸ ಪ್ಲಗ್ ಹಾಕಿದ್ದರು. ಹಾಕಿ, "ಮುದುಕಗ ಹೊಸಾ ಹಲ್ಲ ಕಟ್ಟೀನಿ. ಇನ್ನ ಕಬ್ಬ ಕಡಿತಾನ ನೋಡ್ರಿ," ಎಂದು ನಕ್ಕಿದ್ದರು. ಗೌರಕ್ಕನೂ ನಕ್ಕಿದ್ದಳು.

ಹ್ಯಾಂಡಲ್ ತಿರುವಿದರು. ಎಂಜಿನ್ ಕೆಮ್ಮಿತು, ಹಿಡಿಯಿತು.

ಧಡ್ ಧಡ್ ಧಡ್… ಧಡ್ ಧಡ್ ಧಡ್…

ನಾಲ್ಕು ಬಡಿತ ಇರಬೇಕಾದಲ್ಲಿ ಮೂರು. ನಾಲ್ಕನೆಯದರ ಜಾಗ ಖಾಲಿ. ಎಂಜಿನ್ನಿನ ಮೈಯೆಲ್ಲ ನಡುಗುತ್ತಿತ್ತು. ನೀರು ಪೈಪಿನ ಬಾಯಿತನಕ ಬಂದು ಗೊಳ್ ಅಂದು ತಿರುಗಿ ಇಳಿಯುತ್ತಿತ್ತು.

"ಮಿಸ್ ಹೊಡ್ಯಾಕತ್ತೈತಿ," ಅಂದರು ಮಾಮಾ.

"ಹೊಸಾ ಪ್ಲಗ್ ಅಲ್ಲೇನ್ರಿ?" ತಮ್ಮಣ್ಣ ಕೇಳಿದ.

"ಹೊಸಾವ."

"ಮಿಲಿಟ್ರಿಯಾಗ ಇದನ್ನ ಕಲತ ಬಂದೀರೇನ?"

"ಅಲ್ಲೆ ಬೈಯಾಕ ಸಾಹೇಬ ಇದ್ದ, ಇಲ್ಲೆ ನೀ ಅದಿ. ಸುಮ್ಮ ನಿಲ್ಲಪಾ." ನನ್ನ ಕಡೆ ತಿರುಗಿದರು. "ಬೇಟಿ, ಕಂದೀಲು ಇಲ್ಲೆ ಹಿಡಿ."

ಕೈಗೆ ಒಣ ಅರಿವೆ ಸುತ್ತಿಕೊಂಡರು. ಎಂಜಿನ್ ಓಡುತ್ತಿರುವಾಗಲೇ ಮೊದಲನೆಯ ಪ್ಲಗ್ಗಿನ ವಾಯರ್ ಕಿತ್ತರು. ಎಂಜಿನ್ ಕುಸಿಯಿತು, ಇನ್ನಷ್ಟು ಕುಂಟಿತು. ವಾಯರ್ ತಿರುಗಿ ಹಾಕಿದರು. "ಇದು ಜೀವಂತ ಐತಿ." ಎರಡನೆಯದು ಕಿತ್ತರು. ಮತ್ತೆ ಕುಸಿಯಿತು. "ಇದೂ ಐತಿ." ಮೂರನೆಯದು ಕಿತ್ತರು… ಏನೂ ಆಗಲಿಲ್ಲ. ಕಿತ್ತರೂ ಅಷ್ಟೆ, ಹಾಕಿದರೂ ಅಷ್ಟೆ.

"ಸತ್ತದ್ದು ಇದ," ಅಂದರು. ಅಂದವರೇ ಕಾಕು ಕುಳಿತ ಕಡೆ ನೋಡಿ ತಲೆ ಬಗ್ಗಿಸಿದರು.

ಎಂಜಿನ್ ನಿಲ್ಲಿಸಿ ಮೂರನೆಯ ಪ್ಲಗ್ ಬಿಚ್ಚಿ ಮೊದಲನೆಯ ತೂತಿಗೆ ಹಾಕಿದರು, ಅಲ್ಲಿನದನ್ನು ಇಲ್ಲಿಗೆ. ಪ್ಲಗ್ಗೇ ಕೆಟ್ಟಿದ್ದರೆ ಅದರ ಜೋಡಿ ರೋಗವೂ ಜಾಗ ಬದಲಿಸಬೇಕು. ಆ ಹೊತ್ತಿನಲ್ಲಿ ಬಾವಿ ಸುಮ್ಮನಿತ್ತು. ಪ್ಲಗ್ ಬಿಚ್ಚುವ ಪಾನಾ ತಿರುಗುವ ಕಿರ್ ಕಿರ್ ಬಿಟ್ಟರೆ ಏನೂ ಕೇಳಲಿಲ್ಲ. ಅದನ್ನು ನಾನು ಸರಿಯಾಗಿ ನೆನಪಿಟ್ಟಿದ್ದೇನೆ.

ಮತ್ತೆ ಹಚ್ಚಿದರು. ಧಡ್ ಧಡ್ ಧಡ್… ಸತ್ತದ್ದು ಅದೇ ಮೂರನೆಯದು. ಅದರ ವಾಯರಿನ ತುದಿಯನ್ನು ಕಬ್ಬಿಣದ ಹತ್ತಿರ ಹಿಡಿದರು. ಚಟ್ ಚಟ್ ಅಂತ ನೀಲಿ ಕಿಡಿ ಹಾರಿತು.

"ಪ್ಲಗ್ ಚಲೋ… ಕಿಡಿ ಚಲೋ…" ತಮ್ಮಷ್ಟಕ್ಕೆ ಅಂದುಕೊಂಡರು. "ಮತ್ತ್ಯಾಕ ಹೊಡೀವಲ್ದು?"

ಆಗ ನನಗೆ ಕೇಳಿಸಿತು. ಆ ಖಾಲಿ ಜಾಗ ಖಾಲಿ ಇರಲಿಲ್ಲ.

ಧಡ್ ಧಡ್ ಧಡ್… ಟಕ್. ಧಡ್ ಧಡ್ ಧಡ್… ಟಕ್.

ಸಣ್ಣದು, ಒಣದು. ಕಲ್ಲಿಗೆ ಕಲ್ಲು ತಾಗಿದ ಹಾಗೆ. ಹೇಳಲೋ ಬೇಡವೋ ಅನಿಸಿತು. ಇಷ್ಟು ಗಂಡಸರ ನಡುವೆ ನಾನೇನು ಹೇಳುವುದು… ಆದರೂ ಅವರ ಕಿವಿಯ ಹತ್ತಿರ ಹೋದೆ.

"ಮಾಮಾ… ಸಂದಿನ್ಯಾಗ ಏನೋ ಬಡ್ಯಾಕತ್ತೈತ್ರಿ."

"ಹಳೀ ಎಂಜಿನ್ ಅವ್ವಾ, ಹತ್ತು ನಮೂನಿ ಸಪ್ಪಳ ಮಾಡತೈತಿ," ಅಂದರು. ಆದರೂ ಸ್ಕ್ರೂ ತಿರುವುವ ಉದ್ದನೆಯ ಪೇಚಕಸ್ಸಿನ ತುದಿ ಎಂಜಿನ್ನಿಗೆ ಒತ್ತಿ, ಹಿಡಿಕೆಗೆ ಕಿವಿ ಹಚ್ಚಿದರು. ಬಹಳ ಹೊತ್ತು ಕೇಳಿದರು. ಮುಖ ಸಣ್ಣದಾಯಿತು. "ಒಳಗ ರಾಡ್ ಸಡ್ಲ ಆಗಿರಬೇಕು. ಹಿಂಗ ಓಡಿಸಿದ್ರ ಒಡದ ಹೋಗತೈತಿ."

ಎಂಜಿನ್ ಬಂದ್ ಮಾಡಿದರು. ಗಾಲಿ ಇನ್ನೆರಡು ಸುತ್ತು ತಿರುಗಿ ನಿಂತಿತು.

ಟಕ್.

…

ಟಕ್.

ಮೂರು ಬಡಿತದಷ್ಟು ಹೊತ್ತು ಬಿಟ್ಟು… ಟಕ್. ಎಂಜಿನ್ನಿನಿಂದ ಅಲ್ಲ. ಕೆಳಗಿನಿಂದ.

ಈ ಸಲ ತಮ್ಮಣ್ಣನನ್ನು ಯಾರೂ ಹಿಡಿಯಲಿಲ್ಲ. ಹಗ್ಗ ಕಟ್ಟಿಕೊಂಡು ಇಳಿದ. ಆಲದ ಬೇರು ಸರಿಸುವ ಸಪ್ಪಳ… ಆಮೇಲೆ ಅವನ ದನಿ. "ಅದಾಳ." ತಡೆದು ಮತ್ತೆ ಅಂದ, "ಅಪ್ಪಾ… ಜೀವ ಐತಿ."

ನೀರಿಗಿಂತ ಸ್ವಲ್ಪ ಮೇಲೆ, ಬಾವಿಯ ಗೋಡೆಯೊಳಗೆ ಒಂದು ಗೂಡು ಇತ್ತು. ಬೇರುಗಳ ಹಿಂದೆ ಇದ್ದುದರಿಂದ ಮೇಲಿನಿಂದ ಕಾಣುತ್ತಿರಲಿಲ್ಲ. ಅದರಲ್ಲಿ ಕುಳಿತಿದ್ದಳು ಗೌರಕ್ಕ. ಮೇಲೆ ತಂದಾಗ ಎರಡೂ ಮುಷ್ಟಿ ಬಿಗಿದಿದ್ದವು, ಒಳಗೆ ಬೇರಿನ ಸಿಪ್ಪೆ. ಕಾಕು ತಂದಿದ್ದ ಹೊಸ ಸೀರೆಯನ್ನೇ ಅವಳಿಗೆ ಹೊದಿಸಿ, ಒಂದೊಂದೇ ಬೆರಳು ಬಿಡಿಸಿದರು.

"ನೀ ಬಡದದ್ದು ಚಲೋ ಆತವ್ವಾ," ಅಂದರು.

ಗೌರಕ್ಕನ ದನಿ ಹೋಗಿತ್ತು. ಪಿಸುಗುಟ್ಟಿದಳು. "ನಾ ಎಲ್ಲಿ ಬಡೀಲಿ ಯವ್ವಾ… ಎರಡೂ ಕೈಲೆ ಬೇರ ಹಿಡಕೊಂಡಿದ್ದೆ."

"ಮತ್ತ?"

"ಬಾಜೂಕ ಕುಂತಾಕಿ."

"ಯಾಕಿ?"

"ಗೊತ್ತಿಲ್ಲ… ಕತ್ತಲ ಇತ್ತು. ನೀ ಹಿಡಕೊಂಡ ಕುಂದರು, ಬಡಿಯೂದು ನಾ ಬಡೀತೀನಿ ಅಂದ್ಲು. ಮ್ಯಾಲ ಸಪ್ಪಳ ಭಾಳ ಐತಿ… ನಡುವ ಒಂದು ಸಂದಿ ಸಿಗತೈತಿ… ಅದರಾಗ ಬಡೀತೀನಿ ಅಂದ್ಲು."

ತಮ್ಮಣ್ಣ ಅಪ್ಪನ ಕಡೆ ನೋಡಿದ. "ಅಲ್ಲೆ ಇಕಿ ಒಬ್ಬಾಕಿನ ಇದ್ಲು," ಅಂದ.

ಕಾಕಾ ಬಾವಿಯೊಳಗೆ ಬಗ್ಗಿ ನೋಡಿದರು. ಆಮೇಲೆ ಅಂದರು, "ಎಂಜಿನ್ ಹಚ್ಚರಿ. ಇನ್ನೊಬ್ಬಾಕಿ ಇದ್ರ ಆಕಿನ್ನೂ ತಗೀಬೇಕಲ್ಲ."

ಬಾದಶಹಾ ಮಾಮಾ ಒಂದು ಸ್ಕ್ರೂ ಸಹ ಮುಟ್ಟಿರಲಿಲ್ಲ. ಅದೇ ಪ್ಲಗ್, ಅದೇ ವಾಯರ್. ಹ್ಯಾಂಡಲ್ ತಿರುವಿದರು. ಧಡ್ ಧಡ್ ಧಡ್ ಧಡ್… ನಾಲ್ಕಕ್ಕೆ ನಾಲ್ಕೂ. ನೀರು ಪೈಪು ತುಂಬಿ ಬಿತ್ತು. ಮಾಮಾ ಕೈಯೊಳಗಿನ ಅರಿವೆ ನೆಲಕ್ಕೆ ಬಿಟ್ಟು, ಎಂಜಿನ್ನಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಬೆಳಗಾಗುವತನಕ ಹಾಗೇ ನಿಂತಿದ್ದರು.

ಬೆಳಿಗ್ಗೆ ಬಾವಿಯ ತಳ ಕಂಡಿತು. ರಾಡಿ, ಮಣ್ಣಿನ ಕೊಡದ ಚೂರು, ಹೊಯ್ದಾಡುವ ಸಣ್ಣ ಮೀನು. ಹೆಂಗಸು ಇರಲಿಲ್ಲ. ಎಲುಬೂ ಇರಲಿಲ್ಲ.

ರಾತ್ರಿಯ ಥಂಡಿಗೆ ಎಂಜಿನ್ ಹಾಗೆ ಮಾಡಿರಬೇಕು ಎಂದರು ಕೆಲವರು. ಇರಬಹುದು. ನನ್ನ ಅಪ್ಪನೂ ಹಾಗೇ ಅನ್ನುತ್ತಾರೆ. ನಾನು ವಾದ ಮಾಡುವುದಿಲ್ಲ. ಆದರೆ ಬೇರು ಕಡಿದ ಮೇಲೆ ಆ ಗೂಡು ಮೇಲಿನಿಂದಲೇ ಕಂಡಿತು, ನಾನು ನೋಡಿದೆ. ಸುಳ್ಳು ಹೇಳಿ ನನಗೇನು ಬರುವುದಿದೆ. ಒಳಗೆಲ್ಲ ಹಸಿರು ಪಾಚಿ. ಒಂದೇ ಕಡೆ, ಅಂಗೈಯಷ್ಟು ಜಾಗದಲ್ಲಿ ಪಾಚಿ ಹೋಗಿ ಬಿಳಿ ಕಲ್ಲು ಕಾಣುತ್ತಿತ್ತು, ಕೆಳಗೆ ಹೊಸ ಪುಡಿ ಉದುರಿತ್ತು. ಗೌರಕ್ಕ ಕುಳಿತಿದ್ದ ಜಾಗದಲ್ಲಿ ತಮ್ಮಣ್ಣ ಕುಳಿತು ಕೈ ಚಾಚಿದ. ಅವನ ಕೈಯೂ ಅಲ್ಲಿತನಕ ಮುಟ್ಟಲಿಲ್ಲ. ಆ ಗೂಡಿನಲ್ಲಿ ಹಿಡಿದು ಬಡಿಯುವಂಥ ಒಂದು ಕಲ್ಲೂ ಇರಲಿಲ್ಲ.