ಭಾವನ ಎಲೆಗೆ ಬಿದ್ದ ಮೀನು

...ಇಲ್ಲ ಭಾವ, ಕಣ್ಣು ಮುಚ್ಚಬೇಡ! ಮುಚ್ಚಬೇಡ ಅಂದ್ನಲ್ಲ... ಆಂ, ಹಂಗೆ. ನನ್ನೇ ನೋಡ್ತಿರು. ನನ್ನ ಕೈ ಹಿಡ್ಕೊ. ಅದುಮು. ಅದುಮಿದ್ಯಾ? ಒಂಚೂರು ಅದುಮಿದಂಗಾಯ್ತು. ಸಾಕು, ಅಷ್ಟೇ ಸಾಕು. ಎರ್ರಪ್ಪಾ, ಬೇಗ ಓಡ್ಸಪ್ಪ! ಓಮ್ನಿ ಇಟ್ಕೊಂಡು ಎತ್ತಿನ ಗಾಡಿ ಹೊಡ್ದಂಗೆ ಹೊಡೀತೀಯಲ್ಲ! ಶಿಡ್ಲಘಟ್ಟಾನೇ ಇನ್ನೂ ಬಂದಿಲ್ಲ.

ಏನು ಭಾವ? ನಾಲಿಗೆ ತೊದಲ್ತಾ ಐತೆ, ತಿಳೀಲಿಲ್ಲ... ಅಕ್ಕನಾ? ಬರ್ತಾಳೆ, ಬರ್ತಾಳೆ. ಆಸ್ಪತ್ರೆಗೆ ಕಾರ್ಡು ಬೇಕಲ್ಲ, ಬೀರು ಬೀಗದ ಕೈ ಹುಡುಕ್ತಿದ್ಲು. ಅಮೃತನ ಸ್ಕೂಟರಲ್ಲಿ ಹಿಂದೇನೇ ಬರ್ತಾಳೆ. ನಿನ್ ಮಗಳು ಓಡ್ಸೋದು ನಿಂಗೊತ್ತಲ್ಲ, ನಮಗಿಂತ ಮುಂಚೆ ಹೋಗಿ ಆಸ್ಪತ್ರೆ ಬಾಗಿಲಲ್ಲಿ ನಿಂತಿರ್ತಾಳೆ. ಪಾಪ, ಅಕ್ಕ ಗಾಬರಿಗೆ ಬೆವೆತು ಹೋಗಿದ್ಲು. ಸೆರಗಲ್ಲಿ ತುಟಿ ಒರೆಸ್ಕೊಳ್ಳೋದು, ಮತ್ತೆ ಒರೆಸ್ಕೊಳ್ಳೋದು... ಆಗ ತಾನೇ ಊಟ ಮಾಡಿ ಎದ್ದಿದ್ಲು ನೋಡು. ಹಬ್ಬದಲ್ಲಿ ಎಲ್ಲರ್ಗೂ ಬಡ್ಸಿ ಕೊನೇಲಿ ಕೂರೋದು ಅವಳ ಅಭ್ಯಾಸ.

ನೀನು ಹೆದರ್ಕೋಬೇಡ. ಚಿಂತಾಮಣಿ ಡಾಕ್ಟ್ರು ಏನಂದ್ರು? ಲಕ್ವ ಇರ್ಬೋದು, ತಡ ಮಾಡ್ದೆ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡ್ಹೋಗಿ, ಮಾತಾಡಿಸ್ತಾ ಇರಿ ಅಂದ್ರು. ಲಕ್ವ ಹೊಡ್ದು ಎದ್ದು ಓಡಾಡ್ತಿರೋರು ಊರಲ್ಲಿ ಎಷ್ಟು ಜನ ಇಲ್ಲ! ಏನು ತಿಂದ್ರು ಅಂತಾನೂ ಕೇಳಿದ್ರು. ಹೇಳಿದ್ನಲ್ಲ, ನಿನ್ ಮುಂದೇನೇ ಹೇಳ್ದೆ... ವಂಜರ ಅಂತ ಸಮುದ್ರದ ಮೀನು ಸಾರ್, ಮನೇವ್ರೆಲ್ಲಾ ತಿಂದ್ವಿ, ನಾನೂ ತಿಂದೆ ಅಂತ.

ಯಾಕೆ ನಗ್ತೀಯಾ? ಭಾವ, ಯಾಕೆ ನಗ್ತಿದ್ದೀಯಾ ಹಂಗೆ?

ಅಯ್ಯೋ... ನಗು ಅಲ್ಲ ಅದು. ತುಟಿ ಒಂದ್ಕಡೆ ಜಾರ್ಕೊಂಡೈತೆ. ಇರು, ಜೊಲ್ಲು ಒರೆಸ್ತೀನಿ. ಏನಿಲ್ಲ, ಏನಿಲ್ಲ, ನಾನಿದ್ದೀನಲ್ಲ.

ಮಾತಾಡ್ಬೇಕು. ಏನು ಮಾತಾಡ್ಲಿ? ಸಮುದ್ರದ ಕತೆ ಹೇಳ್ಲಾ? ಬೆಳಿಗ್ಗೆ ಬಸ್ಸಿಳಿದು ಬಂದಾಗ ಪೂರ್ತಿ ಹೇಳೋಕೇ ಆಗ್ಲಿಲ್ಲ, ನೀನು ಆಗ್ಲೇ ಬೀದೀಗೆಲ್ಲಾ ಸಾರ್ಬಿಟ್ಟಿದ್ದೆ. "ಇವತ್ತು ವರ್ಷತೊಡಕಿಗೆ ನಮ್ಮನೇಲಿ ಸಮುದ್ರದ ಮೀನು ಕಣ್ರೋ! ನನ್ ಬಾಮೈದ ಗಂಗರಾಜು ನೆಲ್ಲೂರ್ ಕಡೆ ಹೋಗಿ ತಾನೇ ಗಾಳ ಹಾಕಿ ಹಿಡಿದು ತಂದವ್ನೆ!" ಹೋಗೋ ದಿನ ಏನಂದಿದ್ದೆ? ಜ್ಞಾಪಕ ಐತಾ? "ಕೆರೆ ಮೀನು ಹಿಡಿಯೋನು ಸಮುದ್ರದಲ್ಲಿ ಏನ್ ಹಿಡೀತೀಯೋ, ಉಪ್ಪು ಹೊತ್ಕೊಂಡ್ ಬಾ ಹೋಗು" ಅಂದಿದ್ದೆ. ನಿನ್ ಮೋಟರ್ ವೈಂಡಿಂಗ್ ಅಂಗಡೀಲಿ ಇದ್ದೋರೆಲ್ಲಾ ನಕ್ರು. ಆ ನಗು ನನ್ನ ಕಿವೀಲೇ ಕೂತಿತ್ತು ಭಾವ.

ಸಮುದ್ರ ನಿನ್ನೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಯುಗಾದಿ ಬಿಸಿಲು, ನೀರು ಉಗುರುಬೆಚ್ಚಗೆ, ಅಲೆ ಇಲ್ಲ. ದೂರ ಏನೂ ಹೋಗ್ಲಿಲ್ಲ, ದಡದ ತೆಂಗಿನ ಮರ ಎಣಿಸ್ಬೋದು, ಅಷ್ಟು ಹತ್ರ. ಒಬ್ಬ ತಾತನ ದೋಣಿ. ನಾವು ಕೆರೇಲಿ ಎರೆಹುಳ, ಮುದ್ದೆ ಚೂರು ಸಿಗಿಸ್ತೀವಲ್ಲ, ಅಲ್ಲಿ ಸೀಗಡಿ ಸಿಗಿಸ್ತಾರೆ. ದಾರ ಬೆರಳಿಗೆ ಸುತ್ಕೊಂಡು ಕೂರ್ಬೇಕು. ಕೆರೆ ಮೀನು ಎಳೆಯೋದು ಬೇರೆ, ಅದು ಎಳೆಯೋದು ಬೇರೆ. ಬೆರಳು ಕೊಯ್ದು ರಕ್ತ ಬಂದ್ಬಿಡ್ತು. ಎಳೆದೆ ನೋಡು... ಒಂದು ವಂಜರ! ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು...

ಯಾಕೆ ಹಂಗೆ ನೋಡ್ತೀಯಾ?

ಇಲ್ಲ, ನಿಜ ಹೇಳ್ತಿದ್ದೀನಿ. ಅಷ್ಟೊಂದು ಹಿಡಿದೋನು ಒಂದೇ ಯಾಕೆ ತಂದೆ ಅಂತಾನಾ? ಐಸ್ ಡಬ್ಬ ಚಿಕ್ಕದು... ಭಾವ, ಹಂಗೆ ನೋಡ್ಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡಂಗೆ ಆಗ್ತೈತೆ ನಂಗೆ.

ಸರಿ. ಸರಿ, ವಂಜರ ಬೀಳ್ಲಿಲ್ಲ. ಏನೂ ಬೀಳ್ಲಿಲ್ಲ. ಬೆಳಿಗ್ಗೆ ಆರರಿಂದ ಹನ್ನೆರಡರ ತನಕ ಕೂತಿದ್ದೀನಿ, ಗಾಳ ಖಾಲಿ. ಯಾವ್ದೋ ಬಂದು ಸೀಗಡಿ ತಿನ್ನುತ್ತೆ, ಗಾಳಾನೂ ಕತ್ತರಿಸ್ಕೊಂಡು ಹೋಗುತ್ತೆ. ಕೊನೇಗೆ ಒಂದು ಸಿಗ್ತು. ಒಂದೇ ಒಂದು. ಪೊರೆ ಇಲ್ಲ, ನುಣ್ಣಗಿತ್ತು. ಇಲಿ ಥರ ಹಲ್ಲು. ದೋಣೀಗೆ ಎಳ್ಕೊಂಡ ತಕ್ಷಣ ಹೊಟ್ಟೆ ಊದಿಸ್ತು ನೋಡು, ಊದಿಸ್ತು ಊದಿಸ್ತು, ಫುಟ್‌ಬಾಲ್ ಆಯ್ತು! ನಂಗೆ ನಗು ಬಂತು. ತಾತ ನಗ್ಲಿಲ್ಲ.

ತಾತ ಏನೋ ಅಂದ. ಆ ಕಡೆ ತೆಲುಗು ಬೇರೆ ಥರ ಭಾವ, ಸಮುದ್ರದ ಜನದ ಮಾತು, ನಂಗೆ ಅಷ್ಟಾಗಿ...

ಥೂ, ನನ್ ಬಾಯಿಗಿಷ್ಟು. ಚಿಂತಾಮಣಿಯೋನಿಗೆ ತೆಲುಗು ಬರಲ್ಲ ಅಂದ್ರೆ ಯಾರು ನಂಬ್ತಾರೆ? ನಮ್ಮವ್ವ ಬೈತಿದ್ದಿದ್ದೇ ತೆಲುಗಲ್ಲಿ. "ವದ್ದು ನಾಯನಾ, ಪಾರೇಯ್" ಅಂದ. "ಇದಿ ತಿಂಟೆ ಮನಿಷಿ ಮಿಗಲಡು" ಅಂದ. ಬೇಡ, ಎಸೆದ್ಬಿಡು, ತಿಂದ್ರೆ ಮನುಷ್ಯ ಉಳಿಯಲ್ಲ ಅಂತ ಬಿಡಿಸಿ ಬಿಡಿಸಿ ಅಂದ ಭಾವ. ಒಂದಕ್ಷರ ಬಿಡ್ದಂಗೆ ಅರ್ಥ ಆಯ್ತು ನಂಗೆ.

ಎರ್ರಪ್ಪಾ, ನೀನು ರೋಡ್ ನೋಡಪ್ಪ! ಕನ್ನಡಿ ಯಾಕೆ ನೋಡ್ತೀಯಾ?

ತಾತ ದೋಣಿ ಇಂಜಿನ್ ಕಡೆ ತಿರುಗ್ದಾಗ ಮೀನು ಡಬ್ಬಕ್ಕೆ ಹಾಕ್ಕೊಂಡೆ. ಖಾಲಿ ಕೈಲಿ ಹೆಂಗೆ ಬರ್ಲಿ ಹೇಳು! ಮತ್ತೆ ನಗ್ತಿದ್ದೆ ನೀನು. ಎಲ್ಲಾ ಮೀನಿಗೂ ಏನೋ ಒಂದು ಹೇಳ್ತಾರೆ ಅಂದ್ಕೊಂಡೆ. ನಾವು ಅರಿಶಿನ, ಉಪ್ಪು ಹಾಕಿ ಏಳು ಸಲ ತೊಳೀತೀವಿ, ಎಣ್ಣೇಲಿ ಕರೀತೀವಿ, ಯಾವ ವಿಷ ಉಳಿಯುತ್ತೆ ಅಂದ್ಕೊಂಡೆ. ಯಾರ್ಗೂ ಗುರುತು ಸಿಗ್ಬಾರ್ದು ಅಂತ ಚರ್ಮ ಸುಲಿದು ತಂದೆ. ಹೊಟ್ಟೆ ಕೊಯ್ದ್ರೆ ತುಂಬಾ ಮೊಟ್ಟೆ! ಕೈತುಂಬ! ಮೀನಿನ ಮೊಟ್ಟೆ ಮನೇಲಿ ಯಾರ ಪಾಲು? ಭಾವನ ಪಾಲು. ಮದುವೆಯಾದ ವರ್ಷದಿಂದ ನಿನ್ ಎಲೆಗೇ ಬಡಿಸೋದು. ಅಕ್ಕ ಮೆಣಸು ಹಾಕಿ ಹುರಿದು ತಂದಿಟ್ಲು.

ಅಮೃತ ಕೈ ಹಾಕೋಕೆ ಬಂದ್ಲು ನೋಡು, ನಾನು ಮೀನಿನ ತಟ್ಟೆ, ಮೊಟ್ಟೆ ತಟ್ಟೆ ಎರಡೂ ಎಳ್ಕೊಂಡೆ. "ನಿಮ್ಮಪ್ಪನಿಗೆ ಅಂತ ತಂದಿದ್ದು ಕಣಮ್ಮ" ಅಂದೆ. ನಿಂಗೆ ಎಷ್ಟು ಖುಷಿಯಾಯ್ತು! "ನೋಡ್ರೇ, ಬಾಮೈದನ ಮರ್ಯಾದೆ!" ಅಂದೆ. ಮರ್ಯಾದೆ ಅಲ್ಲ ಭಾವ. ಭಯ. ಮಗು ತಿನ್ಬಾರ್ದು ಅಂತ.

"ನೀನೂ ತಿನ್ನೋ" ಅಂದೆ ನೀನು. ಹಲ್ಲುನೋವು ಅಂದೆ ನಾನು. ಕೋಳಿಸಾರಲ್ಲಿ ಮುದ್ದೆ ಮುರೀತಿದ್ದೆ, ಮೂಳೆ ಕಡೀತಿದ್ದೆ, ಹಲ್ಲುನೋವು ಅಂದೆ! ನೀನು ನೋಡ್ದೆ ಅಲ್ವಾ ಅದನ್ನ? ಈಗ ಅದನ್ನೇ ಕೇಳ್ತಿದ್ದೀಯಾ ತಾನೇ?

ನಿನ್ನ ಸಾಯ್ಸೋಕೆ ತರ್ಲಿಲ್ಲ. ಅಕ್ಕನಾಣೆ. ಒಂದು ಮಾತು ಹೊಗಳ್ಲಿ ಅಂತ ತಂದೆ. ಮೊದಲ್ನೇ ತುತ್ತಿಗೆ ಕಣ್ಮುಚ್ಚಿ "ಬೆಣ್ಣೆ ಕಣೋ ಗಂಗರಾಜು, ಬೆಣ್ಣೆ!" ಅಂದ್ಯಲ್ಲ... ಇಪ್ಪತ್ತು ವರ್ಷದಲ್ಲಿ ಮೊದಲ್ನೇ ಸಲ ಭಾವ. ಆಗ ಬೇಡ ಅಂತ ಹೆಂಗೆ ಹೇಳ್ಲಿ? ಅರ್ಧ ಗಂಟೆ ನಿನ್ ಮುಖಾನೇ ನೋಡ್ತಾ ಕೂತೆ. ಏನೂ ಆಗ್ಲಿಲ್ಲ. ಅಬ್ಬ, ತಾತ ಸುಳ್ಳು ಹೇಳ್ದ ಅಂದ್ಕೊಂಡೆ. ಆಮೇಲೆ ನೀನು "ತುಟಿ ಜುಮ್ ಅಂತೈತೆ" ಅಂದೆ.

ಹೇಳ್ಬಿಡ್ತೀನಿ. ಚಿಕ್ಕಬಳ್ಳಾಪುರದ ಡಾಕ್ಟ್ರಿಗೆ ಎಲ್ಲಾ ಹೇಳ್ಬಿಡ್ತೀನಿ, ಅವ್ರು ಏನಾದ್ರೂ ಮಾಡ್ತಾರೆ. ಬೆಟ್ಟ ಕಾಣ್ತಾ ಐತೆ ನೋಡು, ಬಂದೇಬಿಡ್ತು. ಆದ್ರೆ ಅಕ್ಕನಿಗೆ ಮಾತ್ರ ಹೇಳ್ಬೇಡ ಭಾವ. ಕಾಲಿಗೆ ಬೀಳ್ತೀನಿ. ಎದ್ದ ಮೇಲೆ ನನ್ನ ಹೊಡಿ, ಅಂಗಡಿ ಮುಂದೆ ನಿಲ್ಸಿ ಹೊಡಿ, ಅಕ್ಕನಿಗೆ ಗೊತ್ತಾಗೋದು ಬೇಡ. ಹೇಳಲ್ಲ ತಾನೇ? ಹೂಂ ಅಂದ್ರೆ ಕೈ ಅದುಮು.

ಅದುಮು ಭಾವ.

ಕೈ ಯಾಕೆ ಹಿಂಗೆ ಬಿದ್ದೈತೆ... ಉಸಿರು ಐತೆ. ಐತೆ, ಸಣ್ಣಗೆ ಐತೆ. ಕಣ್ಣು ತೆರ್ದೇ ಐತೆ. ಕೇಳಿಸ್ತಾ ಐತೆ ನಿಂಗೆ, ಎಲ್ಲಾ ಕೇಳಿಸ್ತಾ ಐತೆ. ಏನೋ ಹೇಳ್ತೀಯಾ. ಏನು? ಆಗ್ಲಿಂದ ಅಕ್ಕ ಅಕ್ಕ ಅಂತಿದ್ದೆ... ಅಕ್ಕ ಬರ್ತಾಳೆ ಅಂದ್ನಲ್ಲ. ಊಟ ಮಾಡಿ ಎದ್ದು...

ಭಾವ.

ಮೀನು, ಮೊಟ್ಟೆ ಅಷ್ಟೂ ನೀನೇ ತಿಂದ್ಯಲ್ಲ? ಎಲೇಲಿ ಏನೂ ಬಿಡ್ಲಿಲ್ಲ ತಾನೇ? ಅಕ್ಕನಿಗೆ ಅಂತ ಒಂದು ಪಾಲು... ನೀನು ಯಾವತ್ತೂ ಬಿಡ್ತೀಯಲ್ಲ... ಹಬ್ಬದ ದಿನ ಅವಳು ನಿನ್ ಎಲೇಲೇ ಉಣ್ಣೋದು! ಬಿಡ್ಲಿಲ್ಲ ಅನ್ನು. ರೆಪ್ಪೆ ಬಡಿ ಸಾಕು. ಒಂದು ಸಲ ಬಡಿ ಭಾವ! ಅಯ್ಯೋ, ಸುಮ್ನೆ ನೋಡ್ಬೇಡ, ಬಡಿ!

ತುಟಿ... ತುಟಿ ಒರೆಸ್ಕೊಳ್ತಿದ್ಲು ಅವಳು.

ಎರ್ರಪ್ಪಾ, ನಿಲ್ಲಿಸ್ಬೇಡ, ಓಡ್ಸು! ಫೋನ್ ಎಲ್ಲಿ... ಎತ್ತು, ಎತ್ತೇ ಅಕ್ಕ... ಹಲೋ! ಅಕ್ಕಾ? ಎಲ್ಲಿದ್ದೀರ? ಅಮೃತನಿಗೆ ಬೇಗ ಓಡ್ಸು ಅನ್ನು, ನೇರ ಆಸ್ಪತ್ರೆಗೆ! ನೀನು ಭಾವನ ಎಲೇಲಿ ಉಂಡ್ಯಾ? ಮೊಟ್ಟೆ ತಿಂದ್ಯಾ? ಅದು ವಂಜರ ಅಲ್ಲ ಅಕ್ಕ. ವಿಷದ ಮೀನು. ಗೊತ್ತಿತ್ತು ನಂಗೆ. ಗೊತ್ತಿದ್ದೇ ತಂದೆ. ಅದಕ್ಕೇ ನಾನು ತಿನ್ಲಿಲ್ಲ. ಕೇಳಿಸ್ತಾ? ಬೈಯಿ ಅಕ್ಕ, ಏನಾದ್ರೂ ಅನ್ನು. ಅಕ್ಕಾ?... ಅಕ್ಕಾ?

ಭಾವ... ಸ್ಕೂಟರ್ ಸದ್ದು ಕೇಳಿಸ್ತಾ ಐತೆ, ಅಕ್ಕ ಮಾತಾಡ್ತಿಲ್ಲ ಭಾವ.